ಮೊದಲ ಗ್ರಾಮಫೋನ್ ರೆಕಾರ್ಡಿನಲ್ಲಿ ಋಗ್ವೇದ ಇತ್ತೇ? ಫಾರ್ವರ್ಡ್ ಹೇಳುವ ಕಥೆ ಮತ್ತು ನಮ್ಮ ಸೀಮೆಯ ಹಳೆಯ ದನಿಗಳ ನಿಜವಾದ ಕಥೆ

ಕೆಲಗೇರಿಯ ಹಳೆಯ ಮನೆಯೊಂದರ ಅಟ್ಟ ಸ್ವಚ್ಛ ಮಾಡುವಾಗ ಒಂದು ಟ್ರಂಕು ಸಿಕ್ಕಿತು ಎಂದುಕೊಳ್ಳಿ. ಒಳಗೆ ಹತ್ತಿಪ್ಪತ್ತು ಕಪ್ಪು ಗ್ರಾಮಫೋನ್ ಪ್ಲೇಟುಗಳು. ಒಂದರ ನಡುವೆ ಅಂಟಿಸಿದ ದುಂಡನೆಯ ಕಾಗದದ ಮೇಲೆ ನಾಯಿಯ ಚಿತ್ರ, ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಗಾಂಧಾರಿ, ಹುಬ್ಬಳ್ಳಿ’ ಎಂದಿದೆ. ಆ ಹೆಸರಿನ ಗಾಯಕಿಯನ್ನು ಮನೆಯಲ್ಲಿ ಯಾರೂ ಕೇಳಿಲ್ಲ. ಪ್ಲೇಟು ಹಾಕಿ ಕೇಳೋಣವೆಂದರೆ ಯಂತ್ರ ಇಲ್ಲ. ಗುಜರಿಯವನು ಬಾಗಿಲಲ್ಲೇ ನಿಂತಿದ್ದಾನೆ.

ಅದೇ ಹೊತ್ತಿಗೆ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಬರುತ್ತದೆ. ‘ಪ್ರಪಂಚದ ಮೊಟ್ಟಮೊದಲ ಗ್ರಾಮಫೋನ್ ರೆಕಾರ್ಡಿನಲ್ಲಿ ಏನಿತ್ತು ಗೊತ್ತೇ? ನಮ್ಮ ಋಗ್ವೇದ! ಹೆಮ್ಮೆಯಿಂದ ಹಂಚಿ.’ ಗುಂಪಿನಲ್ಲಿದ್ದ ಎಲ್ಲರೂ ಕೈಮುಗಿದ ಚಿತ್ರ ಹಾಕುತ್ತಾರೆ. ಟ್ರಂಕು ಗುಜರಿಗೆ ಹೋಗುತ್ತದೆ.

ಈ ಎರಡರಲ್ಲಿ ಹೆಮ್ಮೆಪಡಬೇಕಾದದ್ದು ಯಾವುದು ಎಂಬುದನ್ನು ಈ ಬರಹದಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ಮೊದಲ ಗ್ರಾಮಫೋನ್ ರೆಕಾರ್ಡಿನಲ್ಲಿ ಮ್ಯಾಕ್ಸ್ ಮುಲ್ಲರ್ ಋಗ್ವೇದದ ಮಂತ್ರ ಹೇಳಿದರು ಎಂಬ ಸಂದೇಶ ಸುಳ್ಳು.
- ‘ಸ್ವಾಮಿ ವಿವೇಕಾನಂದರ ಶಿಕಾಗೊ ಭಾಷಣದ ಮೂಲ ಧ್ವನಿ’ ಎಂದು ಓಡಾಡುವ ಆಡಿಯೊ ಕೂಡ ನಿಜವಲ್ಲ.
- ಭಾರತದಲ್ಲಿ ಮಾರಾಟಕ್ಕಾಗಿ ರೆಕಾರ್ಡಿಂಗ್ ಶುರುವಾದದ್ದು 1902ರಲ್ಲಿ, ಕಲ್ಕತ್ತಾದಲ್ಲಿ.
- ಹುಬ್ಬಳ್ಳಿ-ಧಾರವಾಡದ ದೊಡ್ಡ ಗಾಯಕರ ಎಳೆಯ ದನಿ ಇಂದಿಗೂ ಉಳಿದಿರುವುದು ಇಂಥ ಹಳೆಯ ಪ್ಲೇಟುಗಳಲ್ಲಿ.

ಫಾರ್ವರ್ಡ್ ಏನು ಹೇಳುತ್ತದೆ?

ಈ ಸಂದೇಶ ಇಂಗ್ಲಿಷ್, ಹಿಂದಿ, ಕನ್ನಡ ಎಲ್ಲದರಲ್ಲೂ ಇದೆ. ಅದರ ಸಾರಾಂಶ ಹೀಗಿದೆ. ಗ್ರಾಮಫೋನ್ ಕಂಡುಹಿಡಿದ ಥಾಮಸ್ ಎಡಿಸನ್ ತನ್ನ ಮೊದಲ ರೆಕಾರ್ಡಿನಲ್ಲಿ ಒಬ್ಬ ದೊಡ್ಡ ವಿದ್ವಾಂಸರ ದನಿ ಇರಬೇಕೆಂದು ಬಯಸಿದ. ಮ್ಯಾಕ್ಸ್ ಮುಲ್ಲರ್ ಅವರನ್ನು ಕರೆಸಿದ. ದೊಡ್ಡ ಸಭೆಯ ಮುಂದೆ ಅವರು ಯಾರಿಗೂ ತಿಳಿಯದ ಭಾಷೆಯಲ್ಲಿ ಏನೋ ಹೇಳಿದರು. ಅದೇನೆಂದು ಜನ ಕೇಳಿದಾಗ, ಇದು ಸಂಸ್ಕೃತ, ಋಗ್ವೇದದ ಮೊದಲ ಮಂತ್ರ ಎಂದು ವಿವರಿಸಿದರು. ಇದನ್ನು ಎಚ್ಎಂವಿ ಕಂಪನಿಯೇ ಒಂದು ಪುಸ್ತಿಕೆಯಲ್ಲಿ ಪ್ರಕಟಿಸಿದೆ.

ಕಥೆ ಚೆನ್ನಾಗಿದೆ. ಹೆಸರುಗಳೂ ನಿಜವಾದ ಹೆಸರುಗಳೇ. ಹೀಗಾಗಿಯೇ ಜನ ನಂಬುತ್ತಾರೆ. ಒಂದೊಂದಾಗಿ ಬಿಡಿಸಿ ನೋಡಿದರೆ ಮಾತ್ರ ಹೊಂದಿಕೆಯಾಗುವುದಿಲ್ಲ.

ಎಲ್ಲಿ ತಪ್ಪಿದೆ?

ಮೊದಲ ತಪ್ಪು ಯಂತ್ರದ್ದು. ಎಡಿಸನ್ 1877ರಲ್ಲಿ ಕಂಡುಹಿಡಿದದ್ದು ಗ್ರಾಮಫೋನ್ ಅಲ್ಲ, ಫೋನೋಗ್ರಾಫ್. ಅದರಲ್ಲಿ ದುಂಡನೆಯ ಪ್ಲೇಟು ಇರಲಿಲ್ಲ. ಲಟ್ಟಣಿಗೆಯಂಥ ಉರುಳೆಗೆ ತವರದ ತೆಳು ಹಾಳೆ ಸುತ್ತಿ, ಅದರ ಮೇಲೆ ಸೂಜಿಯಿಂದ ದನಿಯನ್ನು ಕೊರೆಯಲಾಗುತ್ತಿತ್ತು. ಪ್ಲೇಟು ತಿರುಗಿಸುವ ಗ್ರಾಮಫೋನ್ ಕಂಡುಹಿಡಿದವರು ಎಮಿಲ್ ಬರ್ಲಿನರ್, 1887ರಲ್ಲಿ. ಎರಡೂ ಬೇರೆ ಯಂತ್ರ, ಬೇರೆ ಮನುಷ್ಯರು, ನಡುವೆ ಹತ್ತು ವರ್ಷ.

ಎರಡನೆಯ ತಪ್ಪು ಮಾತಿನದ್ದು. ಎಡಿಸನ್ ತನ್ನ ಯಂತ್ರಕ್ಕೆ ಮೊದಲು ಹೇಳಿದ್ದು ಮೇರಿ ಎಂಬ ಹುಡುಗಿ ಮತ್ತು ಅವಳ ಕುರಿಮರಿಯ ಬಗೆಗಿನ ಇಂಗ್ಲಿಷ್ ಶಿಶುಗೀತೆ. ಹೇಳಿದ್ದೂ ಸ್ವತಃ ಅವರೇ. ಅವರಿಗಿಂತ ಮುಂಚೆಯೂ ಒಬ್ಬರು ದನಿಯನ್ನು ದಾಖಲಿಸಿದ್ದರು. ಫ್ರಾನ್ಸಿನ ಸ್ಕಾಟ್ ಡಿ ಮಾರ್ಟಿನ್‌ವಿಲ್ 1860ರಲ್ಲಿ ಮಸಿ ಹಿಡಿಸಿದ ಕಾಗದದ ಮೇಲೆ ಹಾಡೊಂದರ ಕಂಪನಗಳನ್ನು ಗೆರೆಯಾಗಿ ಬರೆಸಿದ್ದರು. ಅದನ್ನು ಮತ್ತೆ ಕೇಳಿಸುವ ಉಪಾಯ ಅವರಲ್ಲಿ ಇರಲಿಲ್ಲ. 2008ರಲ್ಲಿ ವಿಜ್ಞಾನಿಗಳು ಕಂಪ್ಯೂಟರ್ ಸಹಾಯದಿಂದ ಆ ಗೆರೆಗಳನ್ನು ದನಿಯಾಗಿಸಿದರು. ಅದರಲ್ಲಿದ್ದದ್ದು ಒಂದು ಫ್ರೆಂಚ್ ಜನಪದ ಗೀತೆ.

ಮೂರನೆಯ ತಪ್ಪು ಕಂಪನಿಯದ್ದು. ಎಚ್ಎಂವಿ ಎಂದರೆ ‘ಹಿಸ್ ಮಾಸ್ಟರ್ಸ್ ವಾಯ್ಸ್’. ಕಹಳೆಯ ಮುಂದೆ ಕುಳಿತ ನಾಯಿಯ ಆ ಚಿತ್ರವನ್ನು ಲಂಡನ್ನಿನ ಗ್ರಾಮಫೋನ್ ಕಂಪನಿ ಕೊಂಡದ್ದು 1899ರಲ್ಲಿ. ಕಲಾವಿದ ಫ್ರಾನ್ಸಿಸ್ ಬರಾಡ್ ಮೊದಲು ಬರೆದದ್ದು ನಾಯಿ ಎಡಿಸನ್‌ನ ಫೋನೋಗ್ರಾಫ್ ಮುಂದೆ ಕುಳಿತ ಚಿತ್ರ. ಕಂಪನಿಯವರು ಕೇಳಿದ ಮೇಲೆ ಅದೇ ಚಿತ್ರದಲ್ಲಿ ಫೋನೋಗ್ರಾಫ್ ಅಳಿಸಿ, ಅದರ ಜಾಗದಲ್ಲಿ ಗ್ರಾಮಫೋನ್ ಬರೆದುಕೊಟ್ಟರು. ನಮ್ಮ ಫಾರ್ವರ್ಡ್ ಬರೆದವರು ಮಾಡಿದ್ದೂ ಅದನ್ನೇ. ಒಂದು ಯಂತ್ರ ಅಳಿಸಿ ಇನ್ನೊಂದನ್ನು ಕೂರಿಸಿದ್ದಾರೆ.

ಇನ್ನು ಮ್ಯಾಕ್ಸ್ ಮುಲ್ಲರ್. ಅವರು ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ನೆಲೆಸಿ, ಋಗ್ವೇದವನ್ನು ಸಾಯಣಭಾಷ್ಯದ ಸಮೇತ ಅಚ್ಚು ಹಾಕಿಸಿದವರು. ತೀರಿಕೊಂಡದ್ದು 1900ರಲ್ಲಿ. ಇಷ್ಟು ಮಾತ್ರ ನಿಜ. ಅವರ ಹೆಸರಿನ ಜೊತೆ ಋಗ್ವೇದ ಅಂಟಿಕೊಂಡಿರುವುದರಿಂದ ಕಥೆಗೆ ಅವರು ಹೇಳಿಮಾಡಿಸಿದ ಹಾಗೆ ಹೊಂದಿದರು. ಅಂಥ ರೆಕಾರ್ಡು ಮಾತ್ರ ಇದುವರೆಗೆ ಯಾರ ಕೈಗೂ ಸಿಕ್ಕಿಲ್ಲ. ಪುಸ್ತಿಕೆಯನ್ನೂ ಯಾರೂ ತೋರಿಸಿಲ್ಲ.

ಶಿಕಾಗೊ ಭಾಷಣದ ‘ಮೂಲ ಧ್ವನಿ’ ಮತ್ತು ಮೈಸೂರಿನಲ್ಲಿ ಅಳಿದ ದನಿ

ಇದೇ ಜಾತಿಯ ಇನ್ನೊಂದು ಫಾರ್ವರ್ಡ್ ಪ್ರತಿ ಸೆಪ್ಟೆಂಬರ್ 11ಕ್ಕೆ ಬರುತ್ತದೆ. ಸ್ವಾಮಿ ವಿವೇಕಾನಂದರು 1893ರ ಅದೇ ದಿನ ಶಿಕಾಗೊದಲ್ಲಿ ಮಾಡಿದ ಭಾಷಣದ ‘ಮೂಲ ಧ್ವನಿ’ ಎಂದು ಹೇಳುವ ಆಡಿಯೊ ಅದು. ದನಿ ಸ್ವಚ್ಛ, ಗಂಭೀರ, ನಿಮಿಷಗಟ್ಟಲೆ ಉದ್ದ.

ಆಗಿನ ಯಂತ್ರ ಹೇಗಿತ್ತು ಎಂದು ತಿಳಿದರೆ ಇದು ಸಾಧ್ಯವೇ ಇಲ್ಲ ಎಂಬುದು ತಾನಾಗಿ ಗೊತ್ತಾಗುತ್ತದೆ. 1893ರಲ್ಲಿ ರೆಕಾರ್ಡಿಂಗಿಗೆ ಮೈಕು ಇರಲಿಲ್ಲ. ಮಾತನಾಡುವವರು ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹೇಳಬೇಕಿತ್ತು. ಮೇಣದ ಒಂದು ಉರುಳೆಯಲ್ಲಿ ಹಿಡಿಯುತ್ತಿದ್ದದ್ದು ಎರಡು ನಿಮಿಷದ ಆಸುಪಾಸು. ಸಾವಿರಾರು ಜನ ತುಂಬಿದ ಸಭಾಂಗಣದ ವೇದಿಕೆಯ ಭಾಷಣವನ್ನು, ಚಪ್ಪಾಳೆಯ ಸಮೇತ, ಅಷ್ಟು ಸ್ಪಷ್ಟವಾಗಿ ಹಿಡಿಯುವ ಸಾಧನ ಆಗ ಭೂಮಿಯ ಮೇಲೆ ಇರಲಿಲ್ಲ. ಆ ಆಡಿಯೊ ಯಾರೋ ಬಹಳ ವರ್ಷಗಳ ಮೇಲೆ ಓದಿ ಮುದ್ರಿಸಿದ್ದು.

ಆದರೆ ವಿವೇಕಾನಂದರ ನಿಜವಾದ ದನಿ ಒಮ್ಮೆ ಯಂತ್ರಕ್ಕೆ ಸಿಕ್ಕಿತ್ತು, ಅದೂ ನಮ್ಮ ಕರ್ನಾಟಕದಲ್ಲಿ. 1892ರಲ್ಲಿ, ಶಿಕಾಗೊಕ್ಕೆ ಹೋಗುವ ಮುಂಚೆ, ಅವರು ಮೈಸೂರಿಗೆ ಬಂದು ಮಹಾರಾಜ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಆಗ ಮಹಾರಾಜರ ಆಸೆಯಂತೆ ಅವರ ದನಿಯನ್ನು ಫೋನೋಗ್ರಾಫಿನಲ್ಲಿ ಹಿಡಿಯಲಾಯಿತು ಎಂದು ಶಿಷ್ಯರು ಬರೆದ ಜೀವನಚರಿತ್ರೆ ಹೇಳುತ್ತದೆ. ಅದು ಅರಮನೆಯಲ್ಲಿತ್ತು, ಆದರೆ ಕಾಲಕ್ರಮದಲ್ಲಿ ಕೇಳಿಸದಷ್ಟು ಮಸುಕಾಗಿಹೋಯಿತು ಎಂದೂ ಅಲ್ಲೇ ಬರೆದಿದೆ.

ಯಾಕೆ ಮಸುಕಾಯಿತು? ಮೇಣ ಮೆತ್ತಗಿನ ವಸ್ತು. ಒಂದೊಂದು ಸಲ ಕೇಳಿದಾಗಲೂ ಸೂಜಿ ಅದನ್ನು ಸ್ವಲ್ಪ ಸ್ವಲ್ಪ ಕೆರೆದು ಹಾಕುತ್ತದೆ. ನಮ್ಮ ಹವೆಯಲ್ಲಿ ಬೂಜು ಬೇರೆ ಹಿಡಿಯುತ್ತದೆ. ಅಲ್ಲದೆ ಅಂಥ ಉರುಳೆಗೆ ಸಾಮಾನ್ಯವಾಗಿ ಎರಡನೆಯ ಪ್ರತಿ ಇರುತ್ತಿರಲಿಲ್ಲ.

ಅಂದರೆ ನಿಜವಾದ ದನಿ ಮೈಸೂರಿನಲ್ಲಿ ಸದ್ದಿಲ್ಲದೆ ಅಳಿಯಿತು, ಸುಳ್ಳು ದನಿ ಲಕ್ಷಾಂತರ ಫೋನುಗಳಲ್ಲಿ ಉಳಿಯಿತು.

ಹಾಗಾದರೆ ಭಾರತದ ಮೊದಲ ರೆಕಾರ್ಡು ಯಾವುದು?

ಭಾರತೀಯರ ದನಿ ಪ್ಲೇಟಿಗೆ ಬಂದದ್ದು 1899ರಲ್ಲಿ, ಲಂಡನ್ನಿನಲ್ಲಿ. ಅಲ್ಲಿದ್ದ ಕ್ಯಾಪ್ಟನ್ ಭೋಲಾನಾಥ್, ಡಾ. ಹರನಾಮದಾಸ್ ಮುಂತಾದ ಕೆಲವರಿಂದ ಗ್ರಾಮಫೋನ್ ಕಂಪನಿ ಹಾಡು, ವಾಚನಗಳನ್ನು ಮುದ್ರಿಸಿಕೊಂಡಿತ್ತು.

ನಮ್ಮ ನೆಲದ ಮೇಲೆ ಗ್ರಾಮಫೋನ್ ರೆಕಾರ್ಡಿಂಗ್ ಶುರುವಾದದ್ದು 1902ರ ನವೆಂಬರಿನಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬ ಅಮೆರಿಕದ ತಂತ್ರಜ್ಞ ಕಂಪನಿಯ ಪರವಾಗಿ ಯಂತ್ರಗಳ ಪೆಟ್ಟಿಗೆ ಹೊತ್ತು ಕಲ್ಕತ್ತಾಕ್ಕೆ ಬಂದಿಳಿದರು. ಮೊದಲು ಹಾಡಿದವರು ಶಶಿಮುಖಿ ಮತ್ತು ಫಣಿಬಾಲಾ ಎಂಬ ಇಬ್ಬರು ನಾಟಕ ಕಂಪನಿಯ ಹುಡುಗಿಯರು. ಕೆಲವೇ ದಿನಗಳಲ್ಲಿ ಗೌಹರ್ ಜಾನ್ ಬಂದು ಹಾಡಿದರು. ಆ ಪ್ರವಾಸದಲ್ಲಿ ಗೈಸ್‌ಬರ್ಗ್ 500ಕ್ಕೂ ಹೆಚ್ಚು ರೆಕಾರ್ಡಿಂಗ್ ಮಾಡಿಕೊಂಡರು. ಅಲ್ಲಿಂದ ಜಪಾನಿಗೆ ಹೋಗಿ, 1903ರಲ್ಲಿ ಚೀನಾದ ಶಾಂಘೈಗೆ ಹೋಗಿ, ಅಲ್ಲಿಯ ಜನರಿಗಾಗಿ ಅಲ್ಲಿಯ ಹಾಡುಗಳನ್ನೂ ಮುದ್ರಿಸಿದರು.

ಕಂಪನಿಗೆ ನಮ್ಮ ಸಂಗೀತದ ಮೇಲೆ ಅಷ್ಟೊಂದು ಪ್ರೀತಿ ಇತ್ತೇ? ಅದು ವ್ಯಾಪಾರ. ಅವರಿಗೆ ಯಂತ್ರ ಮಾರಬೇಕಿತ್ತು. ಇಂಗ್ಲಿಷ್ ಹಾಡು ಕೇಳಲು ಕಲ್ಕತ್ತಾದವರಾಗಲಿ ಶಾಂಘೈನವರಾಗಲಿ ಯಂತ್ರ ಕೊಳ್ಳುವುದಿಲ್ಲ. ತಮ್ಮ ಭಾಷೆಯ ಹಾಡು ಬೇಕು. ಆದ್ದರಿಂದ ಕಂಪನಿಗಳು ಊರೂರಿಗೆ, ಭಾಷೆ ಭಾಷೆಗೆ ಹೋಗಬೇಕಾಯಿತು. ಕನ್ನಡಕ್ಕೂ ಬಂದದ್ದು ಹೀಗೆಯೇ. ಹಳೆಯ ಪ್ಲೇಟುಗಳ ಮೇಲೆ ನಮ್ಮ ಭಾಷೆಯ ಹೆಸರು ‘ಕನ್ನಡ’ ಎಂದಿರುವುದಿಲ್ಲ, ಇಂಗ್ಲಿಷರ ರೂಢಿಯಂತೆ ‘ಕೆನರೀಸ್’ ಎಂದಿರುತ್ತದೆ. ಮನೆಯಲ್ಲಿ ಪ್ಲೇಟು ಇದ್ದವರು ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ವರ್ಷಗಳಲ್ಲಿ ಹಾಡಿದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ದೊಡ್ಡ ಉಸ್ತಾದರು, ವಿದ್ವಾಂಸರು ಅನೇಕರು ಹಿಂದೇಟು ಹಾಕಿದರು. ಗಂಟೆಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವುದು ಅವರಿಗೆ ಒಗ್ಗಲಿಲ್ಲ. ತಮ್ಮ ವಿದ್ಯೆ ಕಂಡಕಂಡವರ ಪಾಲಾಗುತ್ತದೆ ಎಂಬ ಭಯವೂ ಇತ್ತು. ಸಮಾಜ ಕೀಳಾಗಿ ಕಾಣುತ್ತಿದ್ದ ವೃತ್ತಿಗಾಯಕಿಯರು ಮಾತ್ರ ಧೈರ್ಯವಾಗಿ ಕಹಳೆಯ ಮುಂದೆ ನಿಂತರು. ನಮ್ಮವರೇ ಆದ ಬೆಂಗಳೂರು ನಾಗರತ್ನಮ್ಮ ಕೂಡ ಆ ಕಾಲದಲ್ಲಿ ಗ್ರಾಮಫೋನಿಗೆ ಹಾಡಿದವರು.

ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದದ್ದು ಬಹಳ ಪ್ರಸಿದ್ಧ. ಇದನ್ನು ಜಂಬವೆಂದು ತಿಳಿದವರಿದ್ದಾರೆ. ಇತಿಹಾಸಕಾರರು ಕೊಡುವ ಕಾರಣ ಬೇರೆ. ಆಗ ಪ್ಲೇಟುಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಹಿಂದಿ ಬಾರದು, ಬಂಗಾಳಿ ಬಾರದು. ಯಾರ ಹಾಡಿಗೆ ಯಾರ ಲೇಬಲ್ ಅಂಟಿಸಬೇಕೆಂದು ತಿಳಿಯಲು ಆ ಕೂಗು ಬೇಕಿತ್ತು. 1908ರಲ್ಲಿ ಕಲ್ಕತ್ತಾದಲ್ಲೇ ಕಾರ್ಖಾನೆ ಶುರುವಾದ ಮೇಲೆ ಈ ರೂಢಿ ಕಡಿಮೆಯಾಗುತ್ತ ಬಂತು. ಇದೇ ಗೌಹರ್ ಜಾನ್ 1928ರಲ್ಲಿ ಮೈಸೂರಿನ ಆಸ್ಥಾನ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ದನಿ ಪ್ಲೇಟಿನೊಳಗೆ ಹೇಗೆ ಕೂರುತ್ತದೆ?

ಹಾಡುವವರ ಮುಂದೆ ಒಂದು ದೊಡ್ಡ ಕಹಳೆ. ಅದರ ಕಿರಿದಾದ ತುದಿಯಲ್ಲಿ ತೆಳುವಾದ ಪೊರೆ, ಪೊರೆಗೆ ಸೇರಿದ ಸೂಜಿ, ಸೂಜಿಯ ಕೆಳಗೆ ತಿರುಗುವ ಮೇಣದ ತಟ್ಟೆ. ದನಿಗೆ ಪೊರೆ ನಡುಗಿದರೆ ಸೂಜಿ ಅಡ್ಡಡ್ಡ ಅಲುಗಿ, ಮೇಣದ ಮೇಲೆ ಅಂಕುಡೊಂಕಾದ ಗೆರೆ ಕೊರೆಯುತ್ತದೆ. ಆ ಮೇಣದ ತಟ್ಟೆಗೆ ಲೋಹದ ಲೇಪ ಕೊಟ್ಟು ಅಚ್ಚು ತೆಗೆದು, ಆ ಅಚ್ಚಿನಿಂದ ಬೇಕಾದಷ್ಟು ಪ್ಲೇಟುಗಳನ್ನು ಒತ್ತುತ್ತಾರೆ.

ಪ್ಲೇಟು ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಮರದ ರೆಂಬೆಗಳ ಮೇಲೆ ಅರಗಿನ ಹುಳು ಸುರಿಸುವ ಅಂಟಿಗೆ ಕಲ್ಲಿನ ಪುಡಿ, ಕಾಡಿಗೆ ಸೇರಿಸಿ ಮಾಡುತ್ತಿದ್ದರು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಅದೇ ಅರಗು. ಲೋಕಕ್ಕೆಲ್ಲ ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ಭಾರತದಿಂದ. ಹತ್ತು ಅಂಗುಲದ ಪ್ಲೇಟು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತದೆ, ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟು ಹಾಡುತ್ತದೆ.

1925ರ ತನಕ ಮೈಕು ಇಲ್ಲದ ಕಹಳೆಯ ಕಾಲ. ಕಹಳೆಗೆ ತೀರ ಕೆಳಗಿನ ದನಿಯೂ ಸಿಗುತ್ತಿರಲಿಲ್ಲ, ತೀರ ಮೇಲಿನದೂ ಸಿಗುತ್ತಿರಲಿಲ್ಲ. ಹಳೆಯ ಲ್ಯಾಂಡ್‌ಲೈನ್ ಫೋನಿನಲ್ಲಿ ಕೇಳಿದ ಹಾಗೆ ಮೂಗಿನ ದನಿಯಾಗಿ ಬರುತ್ತಿತ್ತು. ಆದ್ದರಿಂದ ‘1900ರ ಮೂಲ ಧ್ವನಿ’ ಎನ್ನುವ ಆಡಿಯೊ ಸ್ಟುಡಿಯೊದಲ್ಲಿ ಮಾಡಿದಷ್ಟು ತುಂಬು ದನಿಯಲ್ಲಿದ್ದರೆ ಅಲ್ಲೇ ಅನುಮಾನಿಸಿ.

ಕೆಲಗೇರಿಯ ಸುತ್ತಮುತ್ತಲ ದನಿಗಳು

ಮೈಸೂರಿನಲ್ಲಿ ಆಕಾಶವಾಣಿ ಹುಟ್ಟಿದ್ದು 1935ರಲ್ಲಿ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅಲ್ಲಿಯವರೆಗೆ ಈ ಸೀಮೆಯ ಮನೆಗಳಲ್ಲಿ, ಅಂಗಡಿಗಳಲ್ಲಿ ಗಾಯಕರ ಎದುರು ಕೂರದೆ ಸಂಗೀತ ಕೇಳಬೇಕೆಂದರೆ ಗ್ರಾಮಫೋನ್ ಒಂದು ಮುಖ್ಯ ದಾರಿ.

ಧಾರವಾಡದ ಶುಕ್ರವಾರಪೇಟೆಯಲ್ಲಿ ಬೆಳೆದ ಒಬ್ಬ ಹುಡುಗಿ, ಬೀದಿಯಲ್ಲಿ ಗ್ರಾಮಫೋನ್ ಸದ್ದು ಕೇಳಿದರೆ ಮನೆಯಿಂದ ಓಡಿಬರುತ್ತಿದ್ದಳು. 1913ರಲ್ಲಿ ಹುಟ್ಟಿದ ಆಕೆಯ ಹೆಸರು ಗಾಂಧಾರಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮನೆತನ 1928ರಲ್ಲಿ ಹುಬ್ಬಳ್ಳಿಗೆ ಬಂತು. 1930ರ ದಶಕದ ಮೊದಲ ವರ್ಷಗಳಲ್ಲಿ ಎಚ್ಎಂವಿ ಕಂಪನಿ ಆಕೆಯನ್ನು ಮುಂಬಯಿಗೆ ಕರೆಸಿಕೊಂಡು ಹಾಡಿಸಿತು. ಆ ಹೊತ್ತಿನ ಪ್ಲೇಟುಗಳ ಮೇಲೆ ಇದ್ದದ್ದು ‘ಗಾಂಧಾರಿ’ ಎಂಬ ಹೆಸರೇ. ಮುಂದೆ ಲೋಕಕ್ಕೆಲ್ಲ ಗೊತ್ತಾದದ್ದು ಗಂಗೂಬಾಯಿ ಹಾನಗಲ್ ಎಂದು. ಟ್ರಂಕಿನಲ್ಲಿ ಸಿಕ್ಕ, ಯಾರಿಗೂ ಗೊತ್ತಿಲ್ಲದ ಗಾಯಕಿ ಯಾರೆಂದು ಈಗ ತಿಳಿಯಿತಲ್ಲ?

ಕೆಲಗೇರಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಮನಸೂರು ಗ್ರಾಮವಿದೆ. ನಾಟಕ ಕಂಪನಿಯಲ್ಲಿ ಬಾಲನಟನಾಗಿ ಹಾಡಿ, ಮಿರಜದ ನೀಲಕಂಠ ಬುವಾ ಅವರಲ್ಲಿ, ಬಳಿಕ ಮಂಜಿ ಖಾನ್ ಅವರಲ್ಲಿ ಕಲಿತ ಮಲ್ಲಿಕಾರ್ಜುನ ಮನಸೂರರು ಆ ಊರಿನವರು. 1930ರ ದಶಕದಲ್ಲಿ ಅವರೂ ಎಚ್ಎಂವಿಗೆ ಹಾಡಿದರು, ಅದೇ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿಯೂ ಕೆಲಸ ಮಾಡಿದರು. ಮುಂದೆ ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರಾದರು.

ಪ್ಲೇಟು ಹಾಡಿದವರ ದನಿಯನ್ನು ಉಳಿಸಿತು, ಜೊತೆಗೆ ಕೇಳಿದವರ ಬದುಕನ್ನೂ ತಿರುಗಿಸಿತು. ಗದಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿದ ಹುಡುಗನೊಬ್ಬ, ಹಾಡಿದರೆ ಹೀಗೆ ಹಾಡಬೇಕು ಎಂದುಕೊಂಡು, ಗುರುವನ್ನು ಹುಡುಕುತ್ತ 1933ರಲ್ಲಿ ಮನೆ ಬಿಟ್ಟು ಹೋದ. ಆಗ ಅವನಿಗೆ ಹನ್ನೊಂದು ವರ್ಷ. ಊರೂರು ಅಲೆದು ಕೊನೆಗೆ ಬಂದು ಸೇರಿದ್ದು ಕುಂದಗೋಳದ ಸವಾಯಿ ಗಂಧರ್ವರ ಬಳಿಗೆ. ಅವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಆ ಹುಡುಗ ಭೀಮಸೇನ ಜೋಶಿ. ಬೆಳಗಾವಿ ಜಿಲ್ಲೆಯ ಸೂಳೆಭಾವಿಯಲ್ಲಿ ಹುಟ್ಟಿದ ಶಿವಪುತ್ರಪ್ಪ ಕೋಮಕಾಳಿಮಠ ಎಂಬ ಬಾಲಕ, ರೆಕಾರ್ಡಿನಲ್ಲಿ ಕೇಳಿದ ದೊಡ್ಡ ಗಾಯಕರ ಹಾಡನ್ನು ಹಾಗೆಹಾಗೇ ಹಾಡಿ ಜನರನ್ನು ಬೆರಗುಗೊಳಿಸುತ್ತಿದ್ದ. ಅವನೇ ಮುಂದೆ ಕುಮಾರ ಗಂಧರ್ವ.

ಪರದೇಶದ ಕಂಪನಿ ಯಂತ್ರ ಮಾರಲು ಮಾಡಿದ ಮೂರು ನಿಮಿಷದ ಪ್ಲೇಟು, ಧಾರವಾಡ ಸೀಮೆಯ ಹುಡುಗರಿಗೆ ಪಾಠಶಾಲೆಯಾಯಿತು. ಇದು ದಾಖಲೆ ಇರುವ ಕಥೆ. ಹಂಚಲು ಯೋಗ್ಯವಾದ ಕಥೆಯೂ ಹೌದು.

‘ಇದು ಗಂಗೂಬಾಯಿ ದನಿಯೇ ಅಲ್ಲ!’

ಗಂಗೂಬಾಯಿಯವರ ಹಳೆಯ ರೆಕಾರ್ಡು ಯಾರಾದರೂ ಹಂಚಿದರೆ ಈ ಮಾತು ಬರುತ್ತದೆ. ನಮಗೆ ಪರಿಚಯವಿರುವುದು ಅವರ ಗಂಡಸಿನ ದನಿಯಂಥ ತೂಕದ ದನಿ. 1930ರ ದಶಕದ ಪ್ಲೇಟಿನಲ್ಲಿ ಕೇಳುವುದು ತೆಳ್ಳಗಿನ, ಮೇಲಿನ ಶ್ರುತಿಯ ಎಳೆಯ ದನಿ. ಎರಡೂ ಅವರದೇ. ಗಂಟಲಿನ ತೊಂದರೆ ಮತ್ತು ಅದಕ್ಕೆ ಆದ ಚಿಕಿತ್ಸೆಯ ನಂತರ ಅವರ ದನಿ ದಪ್ಪವಾಯಿತು. ಆ ಬದಲಾದ ದನಿಯನ್ನೇ ಅವರು ತಮ್ಮ ಶಕ್ತಿಯಾಗಿಸಿಕೊಂಡರು.

ಇಲ್ಲಿ ಇನ್ನೊಂದು ತಾಂತ್ರಿಕ ಸಂಗತಿಯೂ ಇದೆ. ಹಳೆಯ ಪ್ಲೇಟುಗಳೆಲ್ಲ ಕರಾರುವಾಕ್ಕಾಗಿ 78 ಸುತ್ತಿನಲ್ಲೇ ಮುದ್ರಣವಾದವಲ್ಲ. ಕೆಲವು ಹೆಚ್ಚು, ಕೆಲವು ಕಡಿಮೆ. ವೇಗ ಶೇಕಡಾ 6ರಷ್ಟು ಹೆಚ್ಚಾದರೆ ಸಾಕು, ಶ್ರುತಿ ಹಾರ್ಮೋನಿಯಂನ ಒಂದು ಮನೆಯಷ್ಟು ಮೇಲಕ್ಕೆ ಹೋಗುತ್ತದೆ, ದನಿ ಇನ್ನಷ್ಟು ತೆಳುವಾಗಿ ಕೇಳುತ್ತದೆ. ಆದ್ದರಿಂದ ಬರೀ ಕಿವಿಯ ಮೇಲೆ ‘ಇದು ಅವರದಲ್ಲ’ ಎಂದು ತೀರ್ಪು ಕೊಡಬಾರದು. ಲೇಬಲ್ ನೋಡಬೇಕು.

ಮನೆಯಲ್ಲಿ ಇಂಥ ಪ್ಲೇಟು ಇದ್ದರೆ

- ಗುಜರಿಗೆ ಹಾಕುವ ಮುಂಚೆ ಎರಡೂ ಮಗ್ಗುಲಿನ ಲೇಬಲ್ ಫೋಟೊ ತೆಗೆಯಿರಿ. ಕಂಪನಿಯ ಹೆಸರು, ಹಾಡಿದವರ ಹೆಸರು, ಭಾಷೆ, ನಂಬರು ಓದುವಂತಿರಲಿ. ಲೇಬಲ್ ಸುತ್ತಲಿನ ಗೆರೆಯಿಲ್ಲದ ಜಾಗದಲ್ಲಿ ಒತ್ತಿದ ಸಣ್ಣ ಅಂಕಿಗಳೂ ಇರುತ್ತವೆ. ಮುದ್ರಣದ ಕಾಲ ಹುಡುಕಲು ಅವೇ ಆಧಾರ.
- ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ, ಹಾಡು ಅಳಿಸಿಹೋಗುತ್ತದೆ. ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು.
- ಒಂದರ ಮೇಲೊಂದು ಪೇರಿಸಬೇಡಿ. ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಬಿಸಿಲಿಗೆ ಇಟ್ಟರೆ ಬಾಗುತ್ತದೆ, ಕೈಜಾರಿದರೆ ಗಾಜಿನಂತೆ ಒಡೆಯುತ್ತದೆ.
- ಎಲ್‌ಪಿ ರೆಕಾರ್ಡಿನ ಸೂಜಿಯಿಂದ ಕೇಳಬೇಡಿ. 78ರ ಗೆರೆ ಅಗಲ, ಅದಕ್ಕೆ ದಪ್ಪ ತುದಿಯ ಸೂಜಿಯೇ ಬೇಕು. ಹಳೆಯ ಕಹಳೆ ಯಂತ್ರವಿದ್ದರೆ ಒಂದು ಮಗ್ಗುಲಿಗೆ ಒಂದು ಹೊಸ ಉಕ್ಕಿನ ಸೂಜಿ ಎಂಬುದು ಅಜ್ಜನ ಕಾಲದ ನಿಯಮ. ಸವೆದ ಸೂಜಿ ಪ್ಲೇಟನ್ನು ಕೆರೆಯುತ್ತದೆ.
- ‘ಹಳೆಯ ಪ್ಲೇಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ’ ಎಂದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕೊಳ್ಳುವವರು ಹಣ ಕೊಡುತ್ತಾರೆ, ಕೇಳುವುದಿಲ್ಲ.
- ಇಂಥ ಪ್ಲೇಟುಗಳ ಬಗ್ಗೆ ತಿಳಿದವರ ಸಂಘ ಮುಂಬಯಿಯ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್. ಸಂಗೀತದ ಧ್ವನಿಗಳನ್ನು ಕಾಪಾಡುವ ಒಂದು ದೊಡ್ಡ ಸಂಗ್ರಹಾಲಯ ಗುರುಗ್ರಾಮದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನಲ್ಲಿದೆ.

ಹಂಚಿದರೆ ಕಾನೂನಿನ ತೊಡಕು ಬರುತ್ತದೆಯೇ? ಭಾರತದ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ವರ್ಷದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. 1935ರಲ್ಲಿ ಬಂದ ರೆಕಾರ್ಡಿನ ಮೇಲಿನ ಆ ಹಕ್ಕು ಈಗಾಗಲೇ ಮುಗಿದಿದೆ. ಹಾಡು ಬರೆದವರ ಹಕ್ಕು ಮಾತ್ರ ಬೇರೆ. ಅದು ಅವರು ತೀರಿಕೊಂಡ ಬಳಿಕ 60 ವರ್ಷ ಇರುತ್ತದೆ.

ಹಳೆಯ ದನಿಯ ಫಾರ್ವರ್ಡ್ ಬಂದರೆ ಕೇಳಬೇಕಾದ ಐದು ಪ್ರಶ್ನೆಗಳು

1. ಲೇಬಲ್ ಫೋಟೊ, ಕಂಪನಿ, ನಂಬರು ಇದೆಯೇ?
2. ಹೇಳಿದ ವರ್ಷದಲ್ಲಿ ಆ ಯಂತ್ರ ಇತ್ತೇ? 1877ಕ್ಕೆ ಮುಂಚೆ ಮುದ್ರಿಸಿ ಮತ್ತೆ ಕೇಳಿಸುವ ಯಂತ್ರವೇ ಇಲ್ಲ. ಭಾರತದಲ್ಲಿ 1902ಕ್ಕೆ ಮುಂಚೆ ಗ್ರಾಮಫೋನ್ ರೆಕಾರ್ಡಿಂಗ್ ಇಲ್ಲ. 1925ಕ್ಕೆ ಮುಂಚೆ ಮೈಕಿನ ರೆಕಾರ್ಡಿಂಗ್ ಬಳಕೆಗೆ ಬಂದಿರಲಿಲ್ಲ.
3. ಎಷ್ಟು ಉದ್ದವಿದೆ? ಆ ಕಾಲದ ಒಂದು ಮಗ್ಗುಲಿಗೆ ಹತ್ತು ನಿಮಿಷ ಹಿಡಿಯುವುದಿಲ್ಲ.
4. ದನಿ ಎಷ್ಟು ಸ್ವಚ್ಛವಾಗಿದೆ? ಕಹಳೆಯ ಕಾಲದ್ದು ಎಂದರೆ ಕಿರಿದಾದ, ಮೂಗಿನ ದನಿ ಇರಬೇಕು. ಚರಚರ ಸದ್ದು ಇದ್ದ ಮಾತ್ರಕ್ಕೆ ಹಳೆಯದಲ್ಲ. ಅದನ್ನು ಈಗ ಮೊಬೈಲಿನಲ್ಲೇ ಸೇರಿಸಬಹುದು.
5. ಕೊನೆಗೆ ‘ಹೆಮ್ಮೆಯಿದ್ದರೆ ಹಂಚಿ’ ಎಂದಿದೆಯೇ? ಆಧಾರವಿದ್ದವರು ಆಧಾರ ತೋರಿಸುತ್ತಾರೆ, ಆಣೆ ಹಾಕುವುದಿಲ್ಲ.

ಕೊನೆಯ ಮಾತು

ಋಗ್ವೇದಕ್ಕೆ ಎಡಿಸನ್‌ನ ಯಂತ್ರದ ಶಿಫಾರಸು ಬೇಕಿಲ್ಲ. ಯಂತ್ರ, ಲಿಪಿ ಏನೂ ಇಲ್ಲದ ಕಾಲದಿಂದ ಅದು ಬಾಯಿಂದ ಬಾಯಿಗೆ ಸ್ವರ ತಪ್ಪದೆ ಬಂದಿದೆ. ಆಧಾರವಿಲ್ಲದ ಕಥೆಯಿಂದ ಅದರ ಹಿರಿಮೆ ಹೆಚ್ಚುವುದಿಲ್ಲ. ಆದರೆ ಅಟ್ಟದ ಮೇಲಿನ ಪ್ಲೇಟಿಗೆ ನಮ್ಮ ಸಹಾಯ ಬೇಕು. ಅದರಲ್ಲಿರುವ ಮೂರು ನಿಮಿಷದ ದನಿ ಒಡೆದರೆ ಮತ್ತೆ ಹುಟ್ಟುವುದಿಲ್ಲ.

ಆದ್ದರಿಂದ ಮುಂದಿನ ಸಲ ಈ ಫಾರ್ವರ್ಡ್ ಬಂದಾಗ ಅದನ್ನು ಮುಂದೆ ಕಳಿಸುವ ಬದಲು ಗುಂಪಿನ ಹಿರಿಯರಿಗೆ ಒಂದು ಪ್ರಶ್ನೆ ಹಾಕಿ: ‘ಅಜ್ಜ, ನಮ್ಮ ಮನೆಯಲ್ಲಿ ಗ್ರಾಮಫೋನ್ ಪ್ಲೇಟು ಇದ್ದವೇನು? ಈಗ ಎಲ್ಲಿವೆ?’ ಉತ್ತರ ಬಂದರೆ ಲೇಬಲ್ ಫೋಟೊ ತೆಗೆದು ಅದನ್ನು ಹಂಚಿ.